ನಮ್ಮಲ್ಲೂ ಉಂಟು

ಬೇಸಿಗೆ ಬಂತೆಂದರೆ ಡಬ್ಲಿನ್ನಿನ ಕನ್ನಡಿಗರ ಮನೆಗಳಿಗೆ ಊರಿನಿಂದ ಅಪ್ಪಂದಿರು, ಮಾವಂದಿರು ಬಂದಿಳಿಯುತ್ತಾರೆ. ತೊಂಬತ್ತು ದಿನದ ವೀಸಾ, ಎರಡು ದೊಡ್ಡ ಸೂಟ್‌ಕೇಸು, ಅದರಲ್ಲೊಂದರ ತುಂಬ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ. ವಾರದ ಕೊನೆಗೆ ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಲೇಬೇಕು. ಹೋದಲ್ಲಿ ಒಬ್ಬೊಬ್ಬರ ಗುಣ ಹೊರಗೆ ಬರುತ್ತದೆ. ಕಾಫಿಯ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿ ಕಾಫಿ ಕುಡಿಯದೇ ಎದ್ದು ಬರುವವರಿದ್ದಾರೆ. ಕಾರಿನಿಂದ ಇಳಿಯುವ ಮೊದಲೇ ಟಾಯ್ಲೆಟ್ ಎಲ್ಲಿದೆ ಎಂದು ವಿಚಾರಿಸಿಕೊಳ್ಳುವವರಿದ್ದಾರೆ, ಇವರು ವಿವೇಕಿಗಳು. ಇವರ ಸಾಲಿಗೆ ಸೇರದ ಇನ್ನೊಂದು ಪಂಗಡವಿದೆ. ಏನನ್ನೇ ತೋರಿಸಿ, ಅರೆಗಳಿಗೆ ದಿಟ್ಟಿಸಿ ನೋಡಿ, ‘ಇದು ನಮ್ಮಲ್ಲೂ ಉಂಟು’ ಎಂದು ಫೈಲು ಮುಚ್ಚಿಬಿಡುವವರು. ನಮ್ಮ ಮಾವನವರು ಈ ಪಂಗಡದ ಹಿರಿಯ ಸದಸ್ಯರು.

ಮಾವ ಉಡುಪಿಯವರು. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು, ಕೊನೆಯ ಹಲವು ವರ್ಷ ಮಲ್ಪೆಯ ಶಾಖೆಯಲ್ಲೇ ಇದ್ದವರು. ಮನೆಯೊಳಗೆ ತುಳು, ಅಳಿಯನ ಎದುರು ಕನ್ನಡ. ಅಳಿಯ ತುಮಕೂರಿನವನು. ನಮ್ಮ ಕಡೆ ಸಮುದ್ರವೇ ಇಲ್ಲದ್ದರಿಂದ ಸಮುದ್ರದ ವಿಷಯದಲ್ಲಿ ನನ್ನ ಮಾತಿಗೆ ಅವರು ಎಂದೂ ಬೆಲೆ ಕೊಟ್ಟವರಲ್ಲ. ಆದರೂ ಈ ಸಲ ಉತ್ತರ ಐರ್ಲೆಂಡಿನ ಆಂಟ್ರಿಮ್ ಕರಾವಳಿಗೆ ಹೋಗೋಣ ಎಂದು ಹೊರಡಿಸಿದ್ದು ನಾನೇ. ಬಂಡೆ, ಗಾಳಿ, ಕಡಿದಾದ ದಡ, ಆಚೆಗೆ ಸ್ಕಾಟ್ಲೆಂಡ್. ಇಂಥದ್ದಕ್ಕೆ ಉಡುಪಿಯಲ್ಲಿ ಜೋಡಿ ಸಿಗಲಾರದು ಎಂಬ ಒಂದು ಸಣ್ಣ ದುರುದ್ದೇಶವೂ ಇತ್ತೆನ್ನಿ.

ಡಬ್ಲಿನ್ನಿನಿಂದ ಉತ್ತರಕ್ಕೆ ಹೋಗುವಾಗ ಎರಡು ದೇಶಗಳ ನಡುವಿನ ಗಡಿ ದಾಟಬೇಕು. ಐರ್ಲೆಂಡ್ ಮುಗಿದು ಬ್ರಿಟನ್ನಿನ ಆಳ್ವಿಕೆ ಶುರು. ಗೇಟಿಲ್ಲ, ಪೊಲೀಸರಿಲ್ಲ. ರಸ್ತೆಯಂಚಿನ ಹಳದಿ ಗೆರೆ ಬಿಳಿಯಾಗುತ್ತದೆ, ಬೋರ್ಡಿನ ಮೇಲೆ ಕಿಲೋಮೀಟರು ಹೋಗಿ ಮೈಲಿ ಬರುತ್ತದೆ, ಅಷ್ಟೇ.

“ಗಡಿ ಎಲ್ಲಿ?” ಎಂದರು ಮಾವ.

“ಆಗಲೇ ದಾಟಿದೆವು.”

“ಇದೆಂಥ ದೊಡ್ಡ ಸಂಗತಿ ಮಾರಾಯ್ರೆ! ತಲಪಾಡಿ ದಾಟಿದ್ದು ಯಾರಿಗೆ ಗೊತ್ತಾಗ್ತದೆ? ಬೋರ್ಡಿನಲ್ಲಿ ಮಲಯಾಳ ಬಂದಾಗಲೇ ಗೊತ್ತಾಗುವುದು. ನಮ್ಮಲ್ಲೂ ಉಂಟು.”

ಮೊದಲ ಹೆಜ್ಜೆಯಲ್ಲೇ ನನಗೆ ಸೋಲು. ಆದರೆ ಪೆಟ್ರೋಲ್ ಬಂಕಿನಲ್ಲಿ ಚಿಲ್ಲರೆಯಾಗಿ ಬಂದ ಹತ್ತು ಪೌಂಡಿನ ನೋಟು ಅವರ ಬಾಯಿ ಕಟ್ಟಿತು. ರಾಣಿಯ ಚಿತ್ರವಿಲ್ಲ, ರಾಜನದ್ದೂ ಇಲ್ಲ. ಮೇಲೆ ‘ಡಾನ್ಸ್ಕೆ ಬ್ಯಾಂಕ್’ ಎಂದಿದೆ. ಹೆಸರೇ ಹೇಳುವಂತೆ ಡೆನ್ಮಾರ್ಕಿನ ಬ್ಯಾಂಕು! ಇಲ್ಲಿ ಅಲ್ಸ್ಟರ್ ಬ್ಯಾಂಕ್, ಬ್ಯಾಂಕ್ ಆಫ್ ಐರ್ಲೆಂಡ್, ಇದು, ಹೀಗೆ ಮೂರು ವಾಣಿಜ್ಯ ಬ್ಯಾಂಕುಗಳು ತಮ್ಮ ತಮ್ಮ ಹೆಸರಿನಲ್ಲೇ ನೋಟು ಹೊರಡಿಸುತ್ತವೆ ಎಂದು ವಿವರಿಸಿದೆ. ಮಾವ ನೋಟನ್ನು ಬೆಳಕಿಗೆ ಹಿಡಿದರು, ಬೆರಳಲ್ಲಿ ಸವರಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

“ಯಾವ ಧೈರ್ಯದ ಮೇಲೆ?”

ನೋಟಿಗೆ ಸಮನಾದ ಆಸ್ತಿಯನ್ನು ಭದ್ರತೆಯಾಗಿ ಇಟ್ಟಿರಬೇಕೆಂಬ ಕಾನೂನಿದೆ ಎಂದೆ. ಭದ್ರತೆ ಎಂಬ ಮಾತು ಕೇಳಿ ಸ್ವಲ್ಪ ಸಮಾಧಾನವಾಯಿತು. ಆದರೆ ಮುಂದಿನ ಹತ್ತಿಪ್ಪತ್ತು ಮೈಲಿ ಅವರು ಮಾತಾಡಲಿಲ್ಲ. ಆಮೇಲೆ ಯಾರನ್ನೂ ನೋಡದೆ ಹೇಳಿದರು: “ನಮ್ಮ ಜಿಲ್ಲೆಯಲ್ಲಿ ಐದು ಬ್ಯಾಂಕು ಹುಟ್ಟಿದವು. ಕೆನರಾ, ಕಾರ್ಪೊರೇಷನ್ ಎರಡೂ 1906ರಲ್ಲಿ. ಕರ್ಣಾಟಕ 1924. ಸಿಂಡಿಕೇಟ್ 1925. ವಿಜಯಾ 1931. ನೋಟು ಅಚ್ಚು ಹಾಕುವುದು ಹೋಗಲಿ, ಮೂರಕ್ಕೆ ಹೆಸರೇ ಉಳಿಯಲಿಲ್ಲ.” ವಿಲೀನದ ಮಾತೆತ್ತಿದರೆ ಅವರಿಗೆ ಈಗಲೂ ರಕ್ತದೊತ್ತಡ ಏರುತ್ತದೆ. ಹಿಂದಿನ ಸೀಟಿನಿಂದ ಅತ್ತೆ ಸುಮ್ಮನೆ ಒಂದು ಚಕ್ಕುಲಿ ಮುಂದೆ ಚಾಚಿದರು.

ಸಾಲುಮರಗಳ ‘ಡಾರ್ಕ್ ಹೆಡ್ಜಸ್’ ತಲುಪುವ ಹೊತ್ತಿಗೆ ಮಾವ ಸುಧಾರಿಸಿಕೊಂಡಿದ್ದರು. ಹದಿನೆಂಟನೇ ಶತಮಾನದಲ್ಲಿ ಸ್ಟುವರ್ಟ್ ಎಂಬ ಮನೆತನದವರು ತಮ್ಮ ಬಂಗಲೆಯ ದಾರಿಗೆ ಶೋಭೆ ಬರಲೆಂದು ನೆಟ್ಟ ಬೀಚ್ ಮರಗಳು. ಎರಡೂ ಬದಿಯ ಕೊಂಬೆಗಳು ಮೇಲೆ ಹೆಣೆದುಕೊಂಡು ರಸ್ತೆಯನ್ನು ಸುರಂಗ ಮಾಡಿವೆ. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಬಂದ ಮೇಲೆ ಇಲ್ಲಿ ಮರಕ್ಕಿಂತ ಸೆಲ್ಫಿ ಕೋಲುಗಳೇ ಹೆಚ್ಚು. “ನಮ್ಮ ಸಾಲುಮರದ ತಿಮ್ಮಕ್ಕ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು. ಅದೂ ಆಲದ ಮರ, ಊರಿನವರ ನೆರಳಿಗೆ. ಇವರದ್ದು ಸ್ವಂತ ಗೇಟಿಗೆ” ಎಂದು ತೀರ್ಪು ಕೊಟ್ಟು ಕಾರಿಗೆ ಮರಳಿದರು. ಬೇಸರದ ಸಂಗತಿ ಏನೆಂದರೆ ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಡನ್‌ಲೂಸ್ ಕೋಟೆಗೆ ‘ಮಿರ್ಜಾನ್’ ಎಂಬ ಒಂದೇ ಮಾತು. ಬುಷ್‌ಮಿಲ್ಸ್ ಎಂಬ ವಿಸ್ಕಿಯೂರಿನಲ್ಲಿ ನಾನು ಸುಮ್ಮನೆ ಕಾರು ನಿಧಾನ ಮಾಡಿದೆ. ಇಲ್ಲಿ ಭಟ್ಟಿ ಇಳಿಸಲು 1608ರಲ್ಲೇ ರಾಜನಿಂದ ಲೈಸೆನ್ಸ್ ಸಿಕ್ಕಿತ್ತೆಂದು ಹೇಳಿದೆ. “ನಮ್ಮಲ್ಲೂ ಉಂಟು, ಲೈಸೆನ್ಸ್ ಮಾತ್ರ ಇರಲಿಲ್ಲ” ಎಂದರು ಮಾವ. ಸ್ವಲ್ಪ ಯೋಚಿಸಿ, “ರಿನ್ಯೂವಲ್ ಸರಿಯಾಗಿ ಮಾಡಿಸಿದ್ದಾರಾ?” ಎಂದೂ ಕೇಳಿದರು. ಕಾರು ನಿಲ್ಲಿಸುವ ಪ್ರಶ್ನೆ ಬರಲಿಲ್ಲ.

ನನ್ನ ತುರುಪಿನ ಎಲೆ ಇದ್ದದ್ದು ಜೈಂಟ್ಸ್ ಕಾಸ್‌ವೇಯಲ್ಲಿ. ಸುಮಾರು 40,000 ಕಲ್ಲುಕಂಬಗಳು, ಹೆಚ್ಚಿನವು ಆರು ಮೂಲೆಯವು, ಒಂದಕ್ಕೊಂದು ಅಂಟಿ ಮೆಟ್ಟಿಲು ಮೆಟ್ಟಿಲಾಗಿ ಸಮುದ್ರಕ್ಕೆ ಇಳಿಯುತ್ತವೆ. ಆರು ಕೋಟಿ ವರ್ಷಗಳ ಹಿಂದೆ ಹರಿದು ನಿಂತ ಲಾವಾ ತಣ್ಣಗಾಗಿ, ಕುಗ್ಗಿ, ಬಿರುಕು ಬಿಟ್ಟದ್ದು ಹೀಗೆ ಕಂಬಗಳಾದವು. ದಡಕ್ಕೆ ಇಳಿದು, ಕೈ ಚಾಚಿ, “ನೋಡಿ ಮಾವ!” ಎಂದೆ.

“ಸೈಂಟ್ ಮೇರೀಸ್” ಎಂದರು ಮಾವ.

ಹೌದಲ್ಲ! ಮಲ್ಪೆಯಿಂದ ಬೋಟು ಹತ್ತಿದರೆ ಸಿಗುವ ದ್ವೀಪ. ಅಲ್ಲೂ ಇದೇ ರೀತಿ ಮೂಲೆ ಮೂಲೆಯ ಕಲ್ಲುಕಂಬಗಳು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಬೇರೆ. ಜಗತ್ತಿನ ಇಷ್ಟೆಲ್ಲ ಸಮುದ್ರತೀರಗಳ ಪೈಕಿ, ಈ ಮನುಷ್ಯ ವರ್ಷಗಟ್ಟಲೆ ಕುರ್ಚಿ ಹಾಕಿ ಕೂತಿದ್ದ ಶಾಖೆಯ ಎದುರಿನ ಸಮುದ್ರಕ್ಕೇ ಬಂದು ಆ ಕಲ್ಲುಗಳು ಎದ್ದು ನಿಲ್ಲಬೇಕಿತ್ತೇ?

“ಅದು ಎಂಟು ಕೋಟಿ ವರ್ಷಕ್ಕೂ ಹಳೆಯದು. ಮಡಗಾಸ್ಕರ್ ನಮ್ಮಿಂದ ಪಾಲಾಗಿ ಹೋದ ಕಾಲದ್ದು. ಸೀನಿಯಾರಿಟಿ ಲಿಸ್ಟಿನಲ್ಲಿ ನಮ್ಮದೇ ಮೇಲೆ. ಪ್ರಮೋಷನ್ ಮಾತ್ರ ಇವರಿಗೆ ಆಯ್ತು” ಎಂದರು. 1986ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತೆಂಬ ಫಲಕವನ್ನು ಓದಿದ ಮೇಲೆ ಬಂದ ಮಾತು ಇದು. ಪಟ್ಟಿ, ಬಡ್ತಿ, ಅನ್ಯಾಯ: ಬ್ಯಾಂಕಿನವರ ಜೀವನದ ಮೂರು ಅಂಗಗಳು.

ಸರಿ, ಕಥೆಯಲ್ಲಾದರೂ ಗೆಲ್ಲೋಣವೆಂದು ಫಿನ್ ಮೆಕೂಲ್‌ನ ಕಥೆ ಹೇಳಿದೆ. ಈ ಐರಿಷ್ ದೈತ್ಯ ಸ್ಕಾಟ್ಲೆಂಡಿನ ದೈತ್ಯನೊಬ್ಬನೊಡನೆ ಕಾದಾಡಲು ಸಮುದ್ರಕ್ಕೆ ಕಲ್ಲಿನ ದಾರಿ ಹಾಕಿದ. ಎದುರಾಳಿಯ ಗಾತ್ರ ಕಂಡು ಗಾಬರಿಯಾಗಿ ಮನೆಗೆ ಓಡಿದ. ಹೆಂಡತಿ ಅವನಿಗೆ ಕೂಸಿನ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಬೆನ್ನಟ್ಟಿ ಬಂದವನು, ಕೂಸೇ ಇಷ್ಟು ದೊಡ್ಡದಾದರೆ ಅಪ್ಪ ಹೇಗಿದ್ದಾನು ಎಂದು ಹೆದರಿ, ದಾರಿಯನ್ನು ಕಿತ್ತೆಸೆಯುತ್ತ ವಾಪಸ್ಸು ಓಡಿದ.

“ರಾಮಸೇತು” ಎಂದರು ಮಾವ, ನಿರೀಕ್ಷೆಯಂತೆ.

“ಎಂಥ ರಾಮಸೇತು?” ಎಂದರು ಅತ್ತೆ. ಅಲ್ಲಿಯವರೆಗೆ ಅವರು ಮಾತಾಡಿದ್ದೇ ಕಡಿಮೆ. “ರಾಮ ಹೆಂಡತಿಯನ್ನು ಕರೆತರಲಿಕ್ಕೆ ಸೇತುವೆ ಕಟ್ಟಿದ. ಈ ಪುಣ್ಯಾತ್ಮ ಜಗಳಕ್ಕೆಂದು ಕಟ್ಟಿ, ಕೊನೆಗೆ ಹೆಂಡತಿ ಕೈಯಲ್ಲಿ ತೊಟ್ಟಿಲು ತೂಗಿಸಿಕೊಂಡ.”

ಈ ಕಥೆ ಹುಟ್ಟಿದ್ದರ ಹಿಂದೆ ಒಂದು ತಮಾಷೆಯಿದೆ. ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲೂ ಇಂಥವೇ ಕಂಬಗಳಿವೆ. ಅಲ್ಲಿದ್ದದ್ದು ಇಲ್ಲೂ ಇದೆ, ಅಂದಮೇಲೆ ನಡುವೆ ಯಾರೋ ದಾರಿ ಹಾಕಿರಲೇಬೇಕು ಎಂದು ಹಳಬರು ಊಹಿಸಿದರು. ನಮ್ಮ ಮಾವನ ಪಂಗಡದವರು ಆ ಕಾಲದ ಐರ್ಲೆಂಡಿನಲ್ಲೂ ಇದ್ದರು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಈ ವಿಚಾರವನ್ನು ಬಾಯಿಬಿಟ್ಟು ಹೇಳಿದ್ದೇ ತಡ, ಮಾವ ಫಿನ್‌ನ ದಾರಿಯನ್ನು ಅಲ್ಲೇ ನಿಂತು ಮಲ್ಪೆಯವರೆಗೆ ವಿಸ್ತರಿಸಿದರು.

ಬಂಡೆಯ ಗೋಡೆಯಲ್ಲಿ ಒಂದು ಕೆಂಪು ಪಟ್ಟೆ ಕಾಣುತ್ತದೆ. ಕಪ್ಪು ಕಲ್ಲಿನ ಎರಡು ಪದರಗಳ ನಡುವೆ ಯಾರೋ ಕಾವಿ ಬಳಿದಂತೆ. ನಾನು ಅದರ ಸುದ್ದಿಗೆ ಹೋಗಲಿಲ್ಲ, ಹೋಗಬಾರದೆಂದೇ ಹೋಗಲಿಲ್ಲ. ಮಾವನ ಕಣ್ಣು ತಪ್ಪಲಿಲ್ಲ. “ಅದು ಮುರಕಲ್ಲು ಅಲ್ವಾ?” ಎಂದರು. ನಾನು ನಕ್ಕೆ. ಹೆಂಡತಿ ಫೋನಿನಲ್ಲಿ ಹುಡುಕಿ ಓದಿದಳು: ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವೆ ಬಹುಕಾಲ ಬಿಡುವಿತ್ತು, ಆಗ ಇಲ್ಲಿ ಸೆಖೆಯೂ ಮಳೆಯೂ ಇತ್ತು, ಮೇಲಿನ ಕಲ್ಲು ಕೊಳೆತು ಲ್ಯಾಟರೈಟ್ ಆಯಿತು. ಲ್ಯಾಟರೈಟ್ ಅಂದರೆ ಸಾಕ್ಷಾತ್ ಮುರಕಲ್ಲು. ಉಡುಪಿಯ ಬಾವಿಕಟ್ಟೆ, ಪಾಗಾರ, ಹಟ್ಟಿ, ಎಲ್ಲಕ್ಕೂ ಬಳಸುವ ಅದೇ ಸಂತಾನ. ನನ್ನ ನಗು ಗಾಳಿಗೆ ಹೋಯಿತು. ಮಾವ ಆ ಹೊತ್ತಿನಲ್ಲಿ ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಕಂಬಗಳ ಸಂದಿಯಲ್ಲಿ ಜನ ನಾಣ್ಯ ಸಿಕ್ಕಿಸಿ ಹೋಗುತ್ತಾರೆ. ಅವು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತಿವೆ, ದಯವಿಟ್ಟು ನಿಲ್ಲಿಸಿ ಎಂದು ಈ ಜಾಗವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ 2025ರಲ್ಲಿ ಕೇಳಿಕೊಂಡಿತು. ಬಸ್ಸಿನಿಂದ ನೇತ್ರಾವತಿಗೆ ನಾಣ್ಯ ಎಸೆಯುವವರ ಊರಿನವರಾದ ಮಾವ ಇದನ್ನೂ ನಮ್ಮ ಖಾತೆಗೇ ಜಮಾ ಮಾಡಿಕೊಂಡರು. ಬಗ್ಗಿ ಸಂದಿಯೊಳಗೆ ಇಣುಕಿ, “ಎಲ್ಲ ಡಾರ್ಮೆಂಟ್ ಅಕೌಂಟು” ಎಂದರು.

ಕ್ಯಾರಿಕ್-ಅ-ರೀಡ್‌ನ ಹಗ್ಗದ ಸೇತುವೆ ಬರುವ ಹೊತ್ತಿಗೆ ಗಾಳಿ ಜೋರಾಗಿತ್ತು. ಸಾಲ್ಮನ್ ಹಿಡಿಯುವ ಬೆಸ್ತರು 1755ರಲ್ಲಿ ಮೊದಲು ಕಟ್ಟಿದ್ದಂತೆ. ಈಗಿನದು ಹೊಸದು, ಗಟ್ಟಿಮುಟ್ಟು. ಉದ್ದ 20 ಮೀಟರು, ಕೆಳಗೆ 30 ಮೀಟರು ಆಳದಲ್ಲಿ ಸಮುದ್ರ ಕುದಿಯುತ್ತಿರುತ್ತದೆ. ಟಿಕೆಟ್ಟು ಮೊದಲೇ ತೆಗೆಸಿಟ್ಟಿದ್ದೆ. ಮಾವ ಸೇತುವೆಯ ಬಾಯಿಯವರೆಗೆ ಬಂದರು, ಕೆಳಗೆ ನೋಡಿದರು, ನಾಲ್ಕು ಹೆಜ್ಜೆ ಹಿಂದೆ ಬಂದರು.

“ತೂಗುಸೇತುವೆ ನಮ್ಮಲ್ಲೂ ಉಂಟು. ಕೆಮ್ಮಣ್ಣಿನಲ್ಲಿ. ಅದನ್ನು ದಾಟಿದವನಿಗೆ ಇದನ್ನು ದಾಟುವ ಅಗತ್ಯ ಇಲ್ಲ.”

ಆ ಮಾತಿಗೆ ಇಂಥದ್ದೊಂದು ಉಪಯೋಗವೂ ಇದೆ ಎಂದು ನನಗೆ ಹೊಳೆದದ್ದು ಆಗ. ಹೋಲಿಸಿಬಿಟ್ಟರೆ ಸಾಕು, ದಾಟಬೇಕಾಗಿಲ್ಲ, ಹತ್ತಬೇಕಾಗಿಲ್ಲ, ನೆನೆಯಬೇಕಾಗಿಲ್ಲ. ಟಿಕೆಟ್ ನೋಡುವ ಹುಡುಗನನ್ನು ಹಿಡಿದು ನಿಲ್ಲಿಸಿ, ಸುಳ್ಯದ ಗಿರೀಶ್ ಭಾರದ್ವಾಜರು ಹಳ್ಳಿಹಳ್ಳಿಗೆ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದ್ದನ್ನೂ, ಅವರಿಗೆ ಪದ್ಮಶ್ರೀ ಬಂದದ್ದನ್ನೂ ಮಾವ ಸವಿಸ್ತಾರವಾಗಿ ಹೇಳತೊಡಗಿದರು. ಹುಡುಗ ಪಾಪ, ಶ್ರದ್ಧೆಯಿಂದ ಕೇಳಿದ. ಅಷ್ಟರಲ್ಲಿ ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೇಲೆ ಮಗಳ ರೈನ್‌ಕೋಟು ಹಾಕಿ, ಕ್ಯಾನ್ವಾಸ್ ಶೂಗಳಲ್ಲಿ ಟಪಟಪನೆ ಆಚೆ ದಡ ಸೇರಿಯಾಗಿತ್ತು. ದ್ವೀಪದ ತುದಿಯಲ್ಲಿ ನಿಂತು ಅವರು ಬಹಳ ಹೊತ್ತು ಸಮುದ್ರ ನೋಡಿದರು. ವಾಪಸ್ಸು ಬಂದಾಗ ಮಾವ ಕೇಳಿದರು, “ಹೇಗುಂಟು?”

“ಇದ್ದ ಹಾಗೆ ಉಂಟು” ಎಂದರು ಅತ್ತೆ.

ಸಂಜೆ ಬ್ಯಾಲಿಕ್ಯಾಸಲ್‌ನ ಬಂದರಿನ ಬೆಂಚಿನ ಮೇಲೆ ಬಿಸಿ ಚಿಪ್ಸ್ ಹಿಡಿದು ಕೂತೆವು. ಅತ್ತೆ ಅದರ ಮೇಲೆ ಚಟ್ನಿಪುಡಿ ಉದುರಿಸಿದರು. ನಾಯಿಯೊಡನೆ ಬಂದ ಊರಿನ ಅಜ್ಜಿಯೊಬ್ಬರು ಮಾತಿಗೆ ಕೂತರು. ಮಾವ ಫೋನು ತೆರೆದು ಸೈಂಟ್ ಮೇರೀಸ್‌ನ ಫೋಟೋಗಳನ್ನು ತೋರಿಸುತ್ತ ಹೋದರು. ಅಜ್ಜಿ ಬೆರಗಾಗಿ, “ನೀವೇ ತೆಗೆದದ್ದಾ?” ಎಂದರು.

ಮಾವ ಚಿಪ್ಸಿನಲ್ಲಿ ಮಗ್ನರಾದರು. “ವಾಟ್ಸಾಪಿನಲ್ಲಿ ಬಂದದ್ದು” ಎಂದರು ಅತ್ತೆ, ಕನ್ನಡದಲ್ಲಿ, ನನಗೆ. “ಇವರು ಆ ದ್ವೀಪಕ್ಕೆ ಕಾಲಿಟ್ಟವರೇ ಅಲ್ಲ.”

“ಅಪ್ಪಾ!” ಎಂದಳು ನನ್ನ ಹೆಂಡತಿ.

“ಬೋಟಿಗೆ ಸಾಲ ಕೊಟ್ಟ ಮ್ಯಾನೇಜರು ಅದೇ ಬೋಟಿನಲ್ಲಿ ಕೂತು ವಿಹಾರಕ್ಕೆ ಹೋದರೆ ಜನ ಏನು ಹೇಳ್ತಾರೆ?” ಎಂದರು ಮಾವ. ನಿವೃತ್ತರಾದ ಮೇಲೆ ಯಾರು ತಡೆದದ್ದು ಎಂಬ ಪ್ರಶ್ನೆಗೆ, ಎದುರಿಗೇ ಇರುವುದಕ್ಕೆ ಯಾವಾಗ ಬೇಕಾದರೂ ಹೋಗಬಹುದಲ್ಲ ಎಂಬ ಉತ್ತರ.

ನಾನು ಇದನ್ನು ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೋಲೆತ್ತಿ ಎದುರಿನ ರಾಥ್ಲಿನ್ ದ್ವೀಪವನ್ನು ತೋರಿಸಿದರು. ಆರು ಮೈಲಿ, ದಿನವೂ ಫೆರಿ ಉಂಟು. ತಾವು ಹುಟ್ಟಿದ್ದೇ ಈ ಊರಿನಲ್ಲಿ, ಇನ್ನೂ ಅಲ್ಲಿಗೆ ಹೋಗಿಲ್ಲ ಎಂದರು. ಮಾವ ಎದ್ದು ನಿಂತು ಅವರ ಕೈಕುಲುಕಿದರು. ಇಡೀ ಪ್ರವಾಸದಲ್ಲಿ ಅವರಿಗೆ ಮನಸಾರೆ ಇಷ್ಟವಾದದ್ದು ಇದೊಂದೇ ಇರಬೇಕು.

“ಊರಿಗೆ ಹೋದ ಕೂಡಲೇ ನಾವು ಸೈಂಟ್ ಮೇರೀಸ್‌ಗೆ ಹೋಗುವುದು” ಎಂದರು ಅತ್ತೆ.

“ನಾವು ಮುಟ್ಟುವುದು ಆಗಸ್ಟಿನಲ್ಲಿ. ಮಳೆಗಾಲ. ಬೋಟು ಬಿಡುವುದಿಲ್ಲ.”

“ಮಳೆ ಮುಗಿದ ಮೇಲೆ.”

“ಮುಗಿದ ಕೂಡಲೇ ನವರಾತ್ರಿ. ಆಮೇಲೆ ದೀಪಾವಳಿ. ಆಮೇಲೆ ಲಕ್ಷದೀಪ.”

ಅತ್ತೆ ಚಿಪ್ಸಿನ ಕಾಗದ ಮಡಚಿ ಕಸದ ಡಬ್ಬಿಗೆ ಹಾಕಿ ಬಂದು, ಕೈ ಒರೆಸಿಕೊಳ್ಳುತ್ತ ಹೇಳಿದರು: “ಬೋಟು ಶುರುವಾದ ದಿನ ನಾನು ಮಲ್ಪೆಯಲ್ಲಿರ್ತೇನೆ. ಬರುವುದಾದರೆ ಬನ್ನಿ. ಇಲ್ಲದಿದ್ದರೆ ಮನೆಯಲ್ಲಿ ಕೂತು ಇವತ್ತಿನ ಫೋಟೋ ನೋಡಿ. ಅದೂ ಇದೂ ಒಂದೇ ಅಲ್ವಾ?”