ನೀರು ಮುಟ್ಟದ ಮಡಿ

ನಮ್ಮ ಕಾರಿಗೆ ಸಿರಾಮಿಕ್ ಕೋಟಿಂಗ್ ಮಾಡಿಸಿದ್ದು ಜೂನ್ ಎರಡನೇ ವಾರ. ಪುಣೆಗೆ ಮಳೆ ಕಾಲಿಡುವುದೂ ಸರಿಸುಮಾರು ಆಗಲೇ ಎಂದು ಕೋಥ್ರೂಡಿನ ಶಾಲೆಯ ಹುಡುಗರಿಗೂ ಗೊತ್ತು. ಧಾರವಾಡದಿಂದ ಬಂದು 20 ವರ್ಷ ಇಲ್ಲೇ ಕೊಡೆ ಕಳೆದುಕೊಂಡ ನನಗೆ ಮಾತ್ರ ಹೊಳೆಯಲಿಲ್ಲ. "ಮೊದಲ 24 ತಾಸು ಒಂದು ಹನಿಯೂ ಬೀಳಬಾರದು, 7 ದಿನ ತೊಳೆಯಬಾರದು" ಎಂದ ಅಂಗಡಿಯ ಹುಡುಗ. ಸಿಲಿಕಾ ಬೆರೆತ ಆ ಲೇಪ ಗಟ್ಟಿಯಾಗಲು ಗಾಳಿಯ ತೇವ ಬೇಕಂತೆ, ಆದರೆ ಹನಿ ನಿಂತರೆ ಕಲೆಯಂತೆ. ನಮ್ಮ ಅಜ್ಜಿಯ ಮಡಿಗಾದರೂ ನೀರು ಬೇಕಿತ್ತು!

ಮೋಡಕ್ಕಿಂತ ದೊಡ್ಡ ಗಂಡಾಂತರ ನೆಲದ ಮೇಲಿತ್ತು. ಸೊಸೈಟಿಯ ಕಾರುಗಳನ್ನೆಲ್ಲ ನಸುಕಿನಲ್ಲಿ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಮೀಯಿಸುವ ವಾಚ್‌ಮನ್. ಮೇಲಿನ ಮನೆಯ ಕಾಕೂ ತುಳಸಿಗೆರೆದ ನೀರು ಸೀದಾ ನಮ್ಮ ಬಾನೆಟ್ಟಿಗೆ. ಕೊನೆಗೆ ಪುಣೇರಿ ಪಾಟಿಗೇ ಶರಣಾದೆ. ಕರೆಗಂಟೆಯಿಂದ ಮಧ್ಯಾಹ್ನದ ನಿದ್ದೆಯವರೆಗೆ ಎಲ್ಲಕ್ಕೂ ಖಾರದ ಫಲಕ ತೂಗುಹಾಕುವ ಊರಲ್ಲವೇ ಇದು? "ಈ ಕಾರಿನ ಸ್ನಾನವಾಗಿದೆ. ನಿಮ್ಮದು ಆಗಿರದಿದ್ದರೆ ಮನೆಗೆ ಹೋಗಿ" ಎಂದು ಮುರುಕು ಮರಾಠಿಯಲ್ಲಿ ಬರೆದೆ. ಕಾಕೂ ಕೆಳಗಿಳಿದು ಬಂದು ವ್ಯಾಕರಣ ತಿದ್ದಿ ಹೋದರು. ತುಳಸಿಗೆ ನೀರು ನಿಲ್ಲಲಿಲ್ಲ.

ಮೂರನೆಯ ರಾತ್ರಿ ಗುಡುಗಿತು. 24 ತಾಸು ಕಳೆದಿತ್ತು ನಿಜ, 7 ದಿನ ಕಳೆದಿರಲಿಲ್ಲವಲ್ಲ! ಕೊಡೆ ಹಿಡಿದು ಓಡಿದೆ. ಒಂದು ಕೊಡೆ ಎಷ್ಟು ಕಾರು ಮುಚ್ಚೀತು? ಬಾನೆಟ್ ಮುಚ್ಚಿದರೆ ಡಿಕ್ಕಿ ಬಯಲು. ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಾಗ ಬಾಲ್ಕನಿಯಿಂದ ಹೆಂಡತಿ ಕೂಗಿದಳು: "ಏನ್ರೀ, ತೊಯ್ದು ತೊಪ್ಪಡಿ ಆಗೀರಿ. ನಿಮಗ ಯಾರು ಕೋಟಿಂಗ್ ಹೊಡೀತಾರ?"