ಆಳವಾದ ಅಭಿವೃದ್ಧಿ

(ಕೋಲಾರದ ಕಡೆಯ ಹೊಲ. ಬೋರ್‌ವೆಲ್ ಲಾರಿ ಗುಡುಗುತ್ತಿದೆ.)

ಏಜೆಂಟ್: ಗೌಡ್ರೇ, 1,200 ಅಡಿ ಆಯ್ತು, ಬರೀ ಧೂಳು. ಇನ್ನೊಂದು ಮುನ್ನೂರು ಕೊರೆಯೋಣ್ವಾ?

ಗೌಡ: ನಮ್ಮಪ್ಪ ಕಪಿಲೆ ಹೊಡೀತಿದ್ದ ಬಾವಿ ನಲವತ್ತೇ ಅಡಿ ಕಣಯ್ಯಾ.

ಏಜೆಂಟ್: ಅದಕ್ಕೇ ಅವರು ಹಿಂದುಳಿದರು! ಈಗ ನೋಡಿ, ಡೀಸೆಲ್‌ನೋನಿಗೆ ದುಡ್ಡು, ಕೇಸಿಂಗ್ ಪೈಪಿನೋನಿಗೆ ದುಡ್ಡು, ಬಡ್ಡಿಯೋನಿಗೆ ದುಡ್ಡು. ಎಲ್ಲಾ ಜಿಡಿಪಿಗೆ ಸೇರ್ತದೆ.

ಗೌಡ: ನೀರು?

ಏಜೆಂಟ್: ನೀರು ಸಿಕ್ಕಿಬಿಟ್ರೆ ಬೆಳವಣಿಗೆ ಅಲ್ಲಿಗೇ ನಿಂತೋಗ್ತದೆ.

ಗೌಡ: ಹಿಂದೆ ಸರ್ಕಾರದೋರೇ ನೀಲಗಿರಿ ನೆಡಿ ಅಂದ್ರು. 2017ರಲ್ಲಿ, ಅದು ನೀರು ಹೀರ್ತದೆ, ನೆಡಬೇಡಿ ಅಂದ್ರು.

ಏಜೆಂಟ್: ನೆಡೋದೂ ಯೋಜನೆ, ಕೀಳೋದೂ ಯೋಜನೆ. ಎರಡು ಬಿಲ್ಲು!

ಗೌಡ: 2018ರಿಂದ ನಮ್ಮ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರು. ಎರಡು ಹಂತ ಶುದ್ಧಿ ಮಾಡವ್ರಂತೆ. ಮೂರನೇದು?

ಏಜೆಂಟ್: ಅದನ್ನ ನಿಮ್ಮ ಭೂಮಿ ಮಾಡ್ತದೆ, ಪುಕ್ಕಟೆ. ಬಜೆಟ್ಟಿನಲ್ಲಿ ಎಷ್ಟು ಉಳಿತಾಯ!



ಗೌಡ: ಆದ್ರೂ ಆ ನೀರು ಬಂದ್ಮೇಲೆ ಕೆರೆ ಪಕ್ಕದ ಬೋರಲ್ಲಿ ನೀರು ಮೇಲಕ್ಕೆ ಬಂದೈತಂತೆ.

ಏಜೆಂಟ್ (ಬೆವರೊರೆಸಿಕೊಂಡು): ಮೇಲಕ್ಕಾ? ಮೆಲ್ಲಗೆ ಹೇಳಿ ಗೌಡ್ರೇ... ಆರ್ಥಿಕ ಹಿಂಜರಿತ!