29ರ ಮೊಹರು

ಅಂಚೆಚೀಟಿ ಹುಚ್ಚಿನವರಿಗೆ ದೀಪಾವಳಿಗಿಂತ ದೊಡ್ಡ ಹಬ್ಬ ಫೆಬ್ರವರಿ 29. ದೀಪಾವಳಿಗೆ ಅಂಚೆ ಕಚೇರಿ ರಜ. ಮೊಹರು ಬೀಳದ ಹಬ್ಬ ಎಂಥ ಹಬ್ಬ?

2024ರಲ್ಲಿ ಅದು ಗುರುವಾರ ಬಂತು. ಮೇಷ್ಟ್ರು, ವಕೀಲರು, ಬ್ಯಾಂಕಿನ ಮೇಡಂ, ನಾನು, ಎಲ್ಲರೂ ಬಾಗಿಲು ತೆಗೆಯುವ ಮೊದಲೇ ಅಂಚೆ ಕಚೇರಿ ಮೆಟ್ಟಿಲ ಮೇಲೆ ಹಾಜರು. ಕೈಯಲ್ಲಿ ಐವತ್ತು ಪೈಸೆಯ ಕಾರ್ಡುಗಳ ಕಟ್ಟು. ಕಾರ್ಡಿನ ಮೇಲೆ ನಮಗೆ ನಾವೇ ಬರೆದುಕೊಂಡ ನಮ್ಮದೇ ವಿಳಾಸ. ಕೌಂಟರಿನ ಹುಡುಗ ಮೊಹರನ್ನು ಶಾಯಿ ಪ್ಯಾಡಿಗೆ ಒತ್ತಿ, ಕಾರ್ಡಿನ ಮೇಲೆ ಧಬ್ ಎಂದು ಹೊಡೆದ. ಕಪ್ಪು ದುಂಡಿನ ನಡುವೆ 29 ಮೂಡಿತು, ಆದರೆ ಒಂಬತ್ತರ ಬಾಲ ಅಳಿಸಿಹೋಗಿತ್ತು.

"ಸ್ವಲ್ಪ ಮೆತ್ತಗೆ ಹೊಡೀಪ್ಪಾ" ಎಂದರು ಮೇಷ್ಟ್ರು.

"ಮೆತ್ತಗೆ ಹೊಡೆದ್ರೆ ಮೂಡಲ್ಲ ಸಾರ್. ಅಷ್ಟಕ್ಕೂ ಈ ತಾರೀಖಿನಲ್ಲೇನಿದೆ?"

ಕೇಳಬಾರದಿತ್ತು. ಮೇಷ್ಟ್ರು ಕೌಂಟರಿಗೆ ಮೊಳಕೈ ಊರಿದರು. ವರ್ಷಕ್ಕೆ 365 ದಿನದ ಮೇಲೆ 5 ಗಂಟೆ 48 ನಿಮಿಷ ಚಿಲ್ಲರೆ ಉಳಿಯುತ್ತದೆ. ನಾಲ್ಕು ವರ್ಷ ಕಟ್ಟಿದ ಚೀಟಿಯ ಹಾಗೆ ಒಟ್ಟಿಗೆ ಕೈಗೆ ಬರುತ್ತದೆ. ಆದರೆ ಆರು ಗಂಟೆ ಪೂರ್ತಿ ಎಂದು ಲೆಕ್ಕ ಹಾಕಿದ್ದರಿಂದ ಕೊಟ್ಟಿದ್ದು ಕೊಂಚ ಹೆಚ್ಚಾಗುತ್ತದೆ. ಅದಕ್ಕೇ 400 ವರ್ಷಕ್ಕೆ ಮೂರು ದಿನ ಮುರಿದುಕೊಳ್ಳುತ್ತಾರೆ. 1900ರಲ್ಲಿ ಹಾಗೆ ಮುರಿದುಕೊಂಡಿದ್ದರಿಂದ, 1896ರ ಫೆಬ್ರವರಿ 29ರಂದು ಹುಟ್ಟಿದ ಮೊರಾರ್ಜಿ ದೇಸಾಯಿ ಮೊದಲ ನಿಜವಾದ ಹುಟ್ಟುಹಬ್ಬಕ್ಕೆ 1904ರವರೆಗೆ ಕಾಯಬೇಕಾಯಿತು. ಆ ಸಿಟ್ಟನ್ನು ಅವರು 1968ರ ಹುಟ್ಟುಹಬ್ಬದ ದಿನ ಬಜೆಟ್ ಮಂಡಿಸಿ ತೀರಿಸಿಕೊಂಡರು ಎಂಬುದು ಮೇಡಂ ಸೇರಿಸಿದ ಟಿಪ್ಪಣಿ. ನಮ್ಮ ಹಿಂದೆ ಪಿಂಚಣಿಗೆ ನಿಂತಿದ್ದ ಅಜ್ಜಿ, "ಏನಪ್ಪಾ, ಇವರದು ಇನ್ನೂ ಆಗಲಿಲ್ವಾ?" ಎಂದು ಕೇಳಿದರು.

ಅಧಿಕ ಮಾಸ ಬಂದರೆ ಅಳಿಯಂದಿರಿಗೆ 33 ಕಜ್ಜಾಯ ಸಿಗುತ್ತದೆ. ಅಧಿಕ ದಿನಕ್ಕೆ ಏನೂ ಇಲ್ಲ. ಸಂಬಳದವರು ಒಂದು ದಿನ ಪುಕ್ಕಟೆ ದುಡಿಯುತ್ತಾರೆ, ಅಷ್ಟೆ. ಫ್ರಾನ್ಸಿನಲ್ಲಿ 1980ರಿಂದ ಫೆಬ್ರವರಿ 29ಕ್ಕೆ ಮಾತ್ರ ಹೊರಬರುವ ಪತ್ರಿಕೆಯೊಂದಿದೆಯಂತೆ. (ನಮ್ಮಲ್ಲೂ ಕೆಲವು ಪತ್ರಿಕೆಗಳು ಈ ಪದ್ಧತಿ ಹಿಡಿದರೆ ಓದುಗರ ಅಭ್ಯಂತರವಿರಲಾರದು.) ನಾವು ಮಾತ್ರ ಪಕ್ಕದ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಕೂತೆವು. ಕಾರ್ಡುಗಳನ್ನು ಚಟ್ನಿ ಬಟ್ಟಲಿನಿಂದ ಮಾರು ದೂರ ಇಟ್ಟುಕೊಂಡು, ಯಾರ 29 ಹೆಚ್ಚು ಸ್ಫುಟ ಎಂದು ಭೂತಗನ್ನಡಿ ಹಿಡಿದು ಜಗಳವಾಡಿದೆವು.

ಬಿಲ್ಲು ಬಂತು. 2020ರ ಕೂಟದಲ್ಲಿ "ಮುಂದಿನ 29ರ ಬಿಲ್ಲು ನನ್ನದು" ಎಂದಿದ್ದವರು ವಕೀಲರು. ನೆನಪಿಸಿದರೆ, "ಬರಹದಲ್ಲಿ ಇದೆಯೇ, ತೋರಿಸಿ" ಎಂದರು. ಮೇಡಂ ತಾವೇ ದುಡ್ಡು ಕೊಟ್ಟರು. ಆಮೇಲೆ ಉಳಿದಿದ್ದ ಒಂದು ಕಾರ್ಡಿನ ಮೇಲೆ ಅದೇ ವಾಕ್ಯ ಬರೆಸಿ, ವಕೀಲರ ಸಹಿ ಹಾಕಿಸಿ, ಅಂಚೆ ಕಚೇರಿಗೆ ವಾಪಸು ಹೋಗಿ ಮೊಹರು ಒತ್ತಿಸಿಕೊಂಡು ಬಂದರು. ಬಾಲ ಸಮೇತ ಎಷ್ಟು ಚೆಂದದ ಒಂಬತ್ತು!

2028ರ ಫೆಬ್ರವರಿ 29 ಮಂಗಳವಾರ. ಮಂಗಳವಾರ ಕೈಯಿಂದ ದುಡ್ಡು ಬಿಚ್ಚಬಾರದೆಂದು ವಕೀಲರು ಈಗಿನಿಂದಲೇ ಹೇಳಿಕೊಂಡು ತಿರುಗುತ್ತಿದ್ದಾರೆ.